ಹಳೆ ಕ್ಯಾಮರೊದ ಹಿಂದಿನ ಸಸ್ಪೆನ್ಶನ್: ಕಿಟ್ ಕೊಳ್ಳುವ ಮುಂಚೆ ದೋಷ ಹಿಡಿಯಿರಿ

1967ರಿಂದ 1969ರವರೆಗಿನ ಶೆವ್ರೊಲೆ ಕ್ಯಾಮರೊ ಅನ್ನುವ ಅಮೆರಿಕದ ಕಾರು ಇಟ್ಟುಕೊಂಡವರು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಹಿಂದಿನ ಸಸ್ಪೆನ್ಶನ್‌ಗೆ (ಚಕ್ರಕ್ಕೂ ಬಾಡಿಗೂ ನಡುವಿನ ಸ್ಪ್ರಿಂಗ್, ಶಾಕ್‌ಗಳಿಗೆ) ಬಂದೇ ಬರುತ್ತದೆ. ಒಬ್ಬರು ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಯ ಸ್ಪ್ರಿಂಗ್) ಕಿತ್ತು ಹಾಕಿ ಫೋರ್-ಲಿಂಕ್ (ಆಕ್ಸಲನ್ನು ನಾಲ್ಕು ಕಡ್ಡಿಗಳಿಂದ ಹಿಡಿಯುವ ಜೋಡಣೆ) ಕೂರಿಸಿ ಅನ್ನುತ್ತಾರೆ. ಇನ್ನೊಬ್ಬರು ಎರಡು ಟ್ರ್ಯಾಕ್ಷನ್ ಬಾರ್ (ಆಕ್ಸಲ್ ತಿರುಚದಂತೆ ತಡೆಯುವ ಕಡ್ಡಿ) ಸಾಕು ಅನ್ನುತ್ತಾರೆ. ಮೂರನೆಯವರು ದಪ್ಪನೆಯ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿ) ಹಾಕಿಸಿ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಗಾಡಿಗೆ ಇದ್ದ ತೊಂದರೆಗೆ ಅದೇ ಮದ್ದು ಆಗಿತ್ತು. ನಿಮ್ಮ ಗಾಡಿಯ ತೊಂದರೆ ಬೇರೆ ಇರಬಹುದು, ಅಲ್ವಾ?

ಹಾಗಾಗಿ ಇಲ್ಲಿ ಕಿಟ್‌ನಿಂದ, ಅಂದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಸಾಮಾನಿನ ಕಟ್ಟಿನಿಂದ, ಶುರು ಮಾಡುವುದಿಲ್ಲ. ಗಾಡಿ ಏನು ಮಾಡುತ್ತಿದೆ ಅನ್ನುವುದರಿಂದ ಶುರು ಮಾಡೋಣ. ಐವತ್ತು ವರ್ಷ ದಾಟಿದ ಗಾಡಿಯಲ್ಲಿ "ಡಿಸೈನೇ ಸರಿಯಿಲ್ಲ" ಅಂತ ಅನ್ನಿಸುವ ಎಷ್ಟೋ ತೊಂದರೆಗಳು ಸತ್ತ ರಬ್ಬರ್, ಸಡಿಲ ಬೋಲ್ಟ್, ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್‌ನಿಂದ ಬಂದಿರುತ್ತವೆ. ಅವನ್ನು ಸರಿಮಾಡದೆ ಮೇಲೆ ದುಬಾರಿ ಸಾಮಾನು ಹಾಕಿದರೆ ತೊಂದರೆ ಹೋಗುವುದಿಲ್ಲ, ಹುಡುಕುವುದು ಮಾತ್ರ ಇನ್ನೂ ಕಷ್ಟವಾಗುತ್ತದೆ.

ಮೊದಲು ಗಾಡಿಯ ಕೆಳಗೆ ಏನಿದೆ ಅಂತ ತಿಳಿದುಕೊಳ್ಳಿ. ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರ ಕೂಡಿಸುವ ಅಚ್ಚು), ಅದನ್ನು ಹೊತ್ತಿರುವುದು ಎರಡು ಲೀಫ್ ಸ್ಪ್ರಿಂಗ್. ಸ್ಪ್ರಿಂಗಿನ ತುದಿಯ ಬಳೆಯಂತಹ ತೂತೇ ಕಣ್ಣು. ಮುಂದಿನ ಕಣ್ಣು ಬಾಡಿಯ ಬ್ರಾಕೆಟ್‌ನಲ್ಲಿ, ಹಿಂದಿನ ಕಣ್ಣು ಶ್ಯಾಕಲ್‌ನಲ್ಲಿ, ಅಂದರೆ ಆಡುವ ಕೊಂಡಿಯಲ್ಲಿ. 1967ರಲ್ಲಿ ಎಲ್ಲ ಕ್ಯಾಮರೊಗಳಿಗೂ ಒಂದೇ ಪಟ್ಟಿಯ ಸ್ಪ್ರಿಂಗ್ ಬಂತು, ಅದನ್ನೇ ಮೊನೊ-ಲೀಫ್ ಅನ್ನುವುದು. ಎರಡೂ ಶಾಕ್ ಆಕ್ಸಲ್‌ನ ಮುಂದೆ ಇದ್ದವು. 1968ರಲ್ಲಿ ಕಂಪನಿ ಒಂದು ಶಾಕನ್ನು ಮುಂದೆ, ಇನ್ನೊಂದನ್ನು ಹಿಂದೆ ಹಾಕಿತು. ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟಿತು. ಯಾಕೆ ಬದಲಾಯಿಸಿದರು ಅನ್ನುವುದು ಚಕ್ರ ಕುಣಿಯುವ ಭಾಗಕ್ಕೆ ಬಂದಾಗ ಗೊತ್ತಾಗುತ್ತದೆ.

ಕೆಳಗೆ ನುಸುಳುವ ಮುಂಚೆ

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು ಮಾತ್ರ. ಹಿಂಭಾಗ ಎತ್ತಿದ ಮೇಲೆ ಅದು ಲೆಕ್ಕಕ್ಕಿಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಕೂಡ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.

ನೋಡುವ ಕೆಲಸಕ್ಕೆ ಸ್ಟ್ಯಾಂಡ್ ಆಕ್ಸಲ್ ಕೊಳವೆಯ ಕೆಳಗೆ ಇರಲಿ. ಆಗ ಸ್ಪ್ರಿಂಗ್ ಮೇಲೆ ಗಾಡಿಯ ಭಾರ ಇರುತ್ತದೆ, ರಸ್ತೆಯಲ್ಲಿ ಹೇಗಿರುತ್ತದೋ ಹಾಗೇ ಕಾಣುತ್ತದೆ. ಸ್ಪ್ರಿಂಗ್ ಬಿಚ್ಚುವ ಕೆಲಸವಾದರೆ ಸ್ಟ್ಯಾಂಡ್ ಬಾಡಿಯ ರೈಲಿನ (ತಳದ ಉದ್ದನೆಯ ಉಕ್ಕಿನ ತೊಲೆಯ) ಕೆಳಗೆ, ಆಕ್ಸಲ್‌ಗೆ ಬೇರೆ ಜಾಕ್. ಶಾಕ್ ಬಿಚ್ಚಿದ ತಕ್ಷಣ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಅದರ ಭಾರವೆಲ್ಲ ನಡುವಿನ ಒಂದೇ ಒಂದು ಬ್ರೇಕ್ ಹೋಸ್ ಮೇಲೆ ಬೀಳಬಹುದು. ಹೋಸ್ ಒಳಗೆ ಹರಿದರೆ ಹೊರಗೆ ಕಾಣುವುದಿಲ್ಲ.

ಹಿಂಭಾಗ ಒಂದು ಕಡೆ ವಾಲಿದೆ, ಅಥವಾ ಪೂರ್ತಿ ಕುಸಿದಿದೆ

ಕಣ್ಣಳತೆ ನಂಬಬೇಡಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಡಿಕ್ಕಿ ಖಾಲಿ ಮಾಡಿ, ಗಾಡಿಯನ್ನು ಒಂದಿಷ್ಟು ದೂರ ಓಡಿಸಿ ತಂದು ನಿಲ್ಲಿಸಿ. ಚಕ್ರದ ನಡುವಿನಿಂದ ಫೆಂಡರ್ (ಮಡ್‌ಗಾರ್ಡ್) ಅಂಚಿಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಅರ್ಧ ಇಂಚಿನೊಳಗೆ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಈ ಗಾಡಿಗಳ ಬಾಡಿ ಅಷ್ಟು ನಿಖರವಾಗಿ ಬಂದದ್ದೇ ಅಲ್ಲ.

ಅದಕ್ಕಿಂತ ಜಾಸ್ತಿ ವಾಲಿದ್ದರೆ ದುಡ್ಡಿಲ್ಲದ ಒಂದು ಪರೀಕ್ಷೆ ಇದೆ. ಮುಂದಿನ ಕ್ರಾಸ್ ಮೆಂಬರ್‌ನ (ಅಡ್ಡ ತೊಲೆಯ) ಸರಿಯಾಗಿ ನಡುವೆ ಜಾಕ್ ಕೊಟ್ಟು ಮುಂದಿನ ಚಕ್ರಗಳು ನೆಲ ಬಿಡುವಷ್ಟು ಎತ್ತಿ. ಈಗ ಹಿಂದಿನ ಅಳತೆ ಮತ್ತೆ ತೆಗೆಯಿರಿ. ವಾಲುವಿಕೆ ಮಾಯವಾದರೆ ದೋಷ ಮುಂದಿನ ಕಾಯಿಲ್ (ಸುರುಳಿ) ಸ್ಪ್ರಿಂಗ್‌ನಲ್ಲಿದೆ, ಹಿಂದೆ ಅಲ್ಲ. ಹಾಗೇ ಉಳಿದರೆ ಹಿಂದಿನ ಸ್ಪ್ರಿಂಗ್ ಅಥವಾ ಅದರ ಬುಶ್ (ಕಣ್ಣಿನೊಳಗಿನ ರಬ್ಬರ್ ಕೊಳವೆ). ಈ ಐದು ನಿಮಿಷದ ಕೆಲಸ ಮಾಡದೆ ಹೊಸ ಲೀಫ್ ಸ್ಪ್ರಿಂಗ್ ಜೋಡಿ ಕೊಂಡು, ಹಾಕಿ, ಗಾಡಿ ಮತ್ತೆ ಅದೇ ಕಡೆ ವಾಲಿದ್ದನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ.

ಹಿಂದೆಯೇ ದೋಷ ಅಂತ ಗೊತ್ತಾದರೆ ಬುಶ್ ಬೋಲ್ಟ್‌ಗಳನ್ನು ನೋಡಿ. ಮುಂಚೆ ಯಾರೋ ಗಾಡಿಯನ್ನು ಎತ್ತಿ ನಿಲ್ಲಿಸಿ, ಆಕ್ಸಲ್ ಜೋತಾಡುತ್ತಿರುವಾಗಲೇ ಕಣ್ಣಿನ ಬೋಲ್ಟ್ ಬಿಗಿದಿರಬಹುದು. ಆಗ ರಬ್ಬರ್ ಬುಶ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಚಕ್ರ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಗಾಡಿ ಎತ್ತರವಾಗೋ ವಾಲಿಕೊಂಡೋ ನಿಲ್ಲುತ್ತದೆ, ಬುಶ್ ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲಿರುವಾಗ ಬೋಲ್ಟ್ ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಕುಲುಕಿ, ಮತ್ತೆ ಬಿಗಿಯಿರಿ. ಇಷ್ಟಕ್ಕೇ ಸರಿಹೋದ ಗಾಡಿಗಳಿವೆ.

ಆಮೇಲೂ ಕುಸಿದೇ ಇದ್ದರೆ ಸ್ಪ್ರಿಂಗ್ ಸೋತಿದೆ. ಹಳೇ ಪಟ್ಟಿಯನ್ನು ಮತ್ತೆ ಬಗ್ಗಿಸಿ ಕೊಡುವ ಅಂಗಡಿಗಳಿವೆ. ಶಾಖ ಕೊಟ್ಟು ಹದ ಮಾಡದೆ ಬರೀ ತಣ್ಣಗೆ ಬಗ್ಗಿಸಿದ್ದು ಮತ್ತೆ ಬೇಗ ಕೂರುತ್ತದೆ. ನನ್ನ ಕೇಳಿದರೆ ಹೊಸ ಜೋಡಿಯೇ ಒಳ್ಳೆಯದು. ಒಂದೇ ಕಡೆ ಮಾತ್ರ ಬದಲಾಯಿಸಬೇಡಿ.

ಕೆಲವು ಗಾಡಿಗಳಲ್ಲಿ ಹಳೆ ಮಾಲೀಕರು ಕುಸಿದ ಹಿಂಭಾಗವನ್ನು ಏರ್ ಶಾಕ್ (ಗಾಳಿ ತುಂಬುವ ಶಾಕ್) ಹಾಕಿ ಎತ್ತಿರುತ್ತಾರೆ. ಶಾಕ್‌ನ ಮೇಲಿನ ಮೌಂಟ್ ಗಾಡಿಯ ಭಾರ ಹೊರಲು ಮಾಡಿದ್ದಲ್ಲ. ಆ ಜಾಗದಲ್ಲಿ ಬಿರುಕು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ.

ಹಿಂದಿನಿಂದ "ಠಕ್" ಅನ್ನುವ ಶಬ್ದ

ಮೊದಲು ಡಿಕ್ಕಿಯಲ್ಲಿರುವ ಜಾಕ್, ಸ್ಟೆಪ್ನಿ, ಪಾನಾ ಎಲ್ಲ ಹೊರಗೆ ತೆಗೆದು ಓಡಿಸಿ ನೋಡಿ. ಆಮೇಲೆ ಸೈಲೆನ್ಸರ್ ಪೈಪು. ಆಕ್ಸಲ್ ಮೇಲಿಂದ ಹಾಯುವ ಜಾಗದಲ್ಲಿ ಅದು ಬಾಡಿಗೆ ತಾಗಿದ್ದರೆ ಅಲ್ಲಿ ಉಜ್ಜಿ ಹೊಳೆಯುವ ಗುರುತು ಇರುತ್ತದೆ.

ಗೇರನ್ನು ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ ಒಂದೇ ಒಂದು "ಠಕ್" ಬಂದರೆ ಡ್ರೈವ್‌ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡದ) ಯು-ಜಾಯಿಂಟ್ (ತುದಿಯ ಕೀಲು) ಮೇಲೆ ಅನುಮಾನ. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಜಾಯಿಂಟಿನ ಶಿಲುಬೆ ಆಕಾರದ ಕ್ರಾಸ್‌ನ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತಿಂದುಹೋಗಿದೆ. ತಕ್ಷಣ ಬದಲಾಯಿಸಿ. ಓಡುವಾಗ ಶಾಫ್ಟ್ ಕಳಚಿದರೆ ಗಾಡಿಯ ನೆಲವನ್ನೇ ಸೀಳಬಲ್ಲದು.

ಗುಂಡಿಯಲ್ಲಿ ಮಾತ್ರ ಶಬ್ದ ಬಂದರೆ ಶಾಕ್‌ನ ಮೇಲಿನ, ಕೆಳಗಿನ ಮೌಂಟ್ ಬುಶ್. ಗ್ಯಾಸ್ ಕೊಟ್ಟಾಗ (ಆಕ್ಸಲರೇಟರ್ ಒತ್ತಿದಾಗ) ಒಂದು, ಬಿಟ್ಟಾಗ ಒಂದು ಶಬ್ದ ಬಂದರೆ ಆಕ್ಸಲ್‌ಗೆ ಸ್ಪ್ರಿಂಗನ್ನು ಬಿಗಿದಿರುವ ಜಾಗ ನೋಡಬೇಕು. ಈ ಕ್ಯಾಮರೊಗಳಲ್ಲಿ ಸ್ಪ್ರಿಂಗಿನ ಮೇಲೆ ಕೆಳಗೆ ರಬ್ಬರ್ ಪ್ಯಾಡ್ ಇರುತ್ತದೆ. ವರ್ಷಗಳು ಕಳೆದ ಮೇಲೆ ರಬ್ಬರ್ ಗಟ್ಟಿಯಾಗಿ, ಚಪ್ಪಟೆಯಾಗಿ, ಪುಡಿಯಾಗುತ್ತದೆ. ಬೋಲ್ಟ್ ಬಿಗಿಯಾಗೇ ಇರುತ್ತದೆ, ಆದರೆ ಹಿಡಿದುಕೊಳ್ಳಲು ಒಳಗೆ ಏನೂ ಇರುವುದಿಲ್ಲ. ಪ್ಯಾಡ್ ಹಿಡಿದಿರುವ ತಟ್ಟೆಯ ಅಂಚಿನಲ್ಲಿ ಬಣ್ಣ ಉಜ್ಜಿಹೋಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಆಕ್ಸಲ್ ಅಲ್ಲಿ ಜಾರಾಡುತ್ತಿದೆ ಅಂತ ಅರ್ಥ. ಪ್ಯಾಡ್ ಕಡಿಮೆ ಬೆಲೆಯ ಸಾಮಾನು. ಕೊಳ್ಳುವಾಗ ಮೊನೊ-ಲೀಫ್‌ಗೋ ಮಲ್ಟಿ-ಲೀಫ್‌ಗೋ ಅಂತ ಹೇಳಿ ಕೊಳ್ಳಿ, ಎರಡೂ ಒಂದೇ ಅಲ್ಲ.

ಜೋರಾಗಿ ಗ್ಯಾಸ್ ಕೊಟ್ಟಾಗ ಹಿಂದಿನ ಚಕ್ರ ಕುಣಿಯುತ್ತದೆ

ಇದೇ ಈ ಗಾಡಿಯ ದೊಡ್ಡ ಹೆಸರಿನ ಕಾಯಿಲೆ. ನಿಂತಲ್ಲಿಂದ ಪೂರ್ತಿ ಗ್ಯಾಸ್ ಕೊಟ್ಟರೆ ಟೈರ್ ಸುಮ್ನೆ ಜಾರುವುದಿಲ್ಲ. ಧಡ ಧಡ ಅಂತ ನೆಲಕ್ಕೆ ಬಡಿಯುತ್ತದೆ, ಸೀಟಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ. ಹೀಗಾದ ಕೂಡಲೇ ಗ್ಯಾಸ್‌ನಿಂದ ಕಾಲು ತೆಗೆಯಿರಿ. "ದಾಟಿಸಿಕೊಂಡು ಹೋಗೋಣ" ಅಂತ ಕಾಲು ಒತ್ತಿ ಹಿಡಿದರೆ ಮುರಿಯುವುದು ಆಕ್ಸಲ್ ಶಾಫ್ಟ್, ಪಿನಿಯನ್ (ಡ್ರೈವ್‌ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಗೇರ್) ಹಲ್ಲು, ಇಲ್ಲವೇ ಯು-ಜಾಯಿಂಟ್.

ಒಳಗೆ ಆಗುವುದು ಹೀಗೆ. ಚಕ್ರ ಮುಂದಕ್ಕೆ ತಿರುಗಲು ಹೊರಟಾಗ ಆಕ್ಸಲ್ ಹೌಸಿಂಗ್ (ಹೊರ ಕವಚ) ಅದಕ್ಕೆ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅಂದರೆ ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ. ಅದನ್ನು ತಡೆಯಬೇಕಾದ್ದು ಲೀಫ್ ಸ್ಪ್ರಿಂಗ್ ಒಂದೇ. ಅದರ ಮುಂದಿನ ಅರ್ಧ ಮೇಲಕ್ಕೂ ಹಿಂದಿನ ಅರ್ಧ ಕೆಳಕ್ಕೂ ಬಗ್ಗಿ ಇಡೀ ಸ್ಪ್ರಿಂಗ್ ಎಸ್ ಅಕ್ಷರದ ಆಕಾರಕ್ಕೆ ಬರುತ್ತದೆ. ಒಂದು ಹಂತದಲ್ಲಿ ಟೈರ್ ಹಿಡಿತ ಕಳೆದುಕೊಳ್ಳುತ್ತದೆ. ಬಗ್ಗಿದ್ದ ಸ್ಪ್ರಿಂಗ್ ಪಟ್ಟನೆ ನೆಟ್ಟಗಾಗಿ ಟೈರನ್ನು ನೆಲಕ್ಕೆ ಬಡಿಯುತ್ತದೆ, ಟೈರ್ ಮತ್ತೆ ಕಚ್ಚುತ್ತದೆ, ಮತ್ತೆ ಸ್ಪ್ರಿಂಗ್ ಬಗ್ಗುತ್ತದೆ. ಇದೇ ಕುಣಿತ.

ಒಂದೇ ಪಟ್ಟಿಯ 1967ರ ಸ್ಪ್ರಿಂಗ್‌ಗೆ ಈ ತಿರುಚುವಿಕೆ ತಡೆಯುವ ಶಕ್ತಿ ಕಡಿಮೆ. ಅದಕ್ಕೇ ಆ ವರ್ಷವೇ ಕೆಲವು ಹೆಚ್ಚು ಶಕ್ತಿಯ ಮಾದರಿಗಳಿಗೆ ಕಂಪನಿಯೇ ಬಲಗಡೆ ಒಂದು ಟ್ರ್ಯಾಕ್ಷನ್ ಬಾರ್ ಹಾಕಿ ಕಳಿಸಿತ್ತು. 1968ರಲ್ಲಿ ಶಾಕ್‌ಗಳನ್ನು ಹಿಂದೆ ಮುಂದೆ ಮಾಡಿದ್ದೂ ಇದಕ್ಕೇ. ಆಕ್ಸಲ್ ತಿರುಗಲು ನೋಡಿದಾಗ ಎರಡು ಶಾಕ್ ಎರಡು ಕಡೆಯಿಂದ ತಡೆಯಲಿ ಅಂತ. ಅದೇ ಕಾಲದ ಡಾಜ್, ಪ್ಲಿಮತ್ ಗಾಡಿಗಳಲ್ಲಿ ಸ್ಪ್ರಿಂಗಿನ ಮುಂದಿನ ಭಾಗ ಗಿಡ್ಡ, ಹಿಂದಿನ ಭಾಗ ಉದ್ದ. ಗಿಡ್ಡ ಭಾಗ ಸುಲಭಕ್ಕೆ ಬಗ್ಗುವುದಿಲ್ಲ, ಹಾಗಾಗಿ ಅವು ಲೀಫ್ ಸ್ಪ್ರಿಂಗ್ ಮೇಲೆಯೇ ಚೆನ್ನಾಗಿ ಎಳೆಯುತ್ತಿದ್ದವು. ಲೀಫ್ ಸ್ಪ್ರಿಂಗ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಈಗ ಪರೀಕ್ಷೆ. ಮೊದಲು ಟೈರ್. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2314 ಅಂದರೆ 2014ರ 23ನೇ ವಾರ ಮಾಡಿದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮುಂಚಿನದು, ಆ ಟೈರಿನಲ್ಲಿ ಗಾಡಿ ಓಡಿಸಲೇಬೇಡಿ. ಶೋಕಿ ಗಾಡಿಗಳಲ್ಲಿ ಟೈರಿನ ಮೇಲ್ಮೈ ಸವೆಯುವುದಿಲ್ಲ, ರಬ್ಬರ್ ಮಾತ್ರ ಕಲ್ಲಾಗುತ್ತದೆ. ಕಲ್ಲಾದ ಟೈರ್ ಕಚ್ಚುವುದು ಬಿಡುವುದು ಮಾಡುತ್ತಾ ಕುಣಿತವನ್ನು ಜಾಸ್ತಿ ಮಾಡುತ್ತದೆ.

ಎರಡನೆಯದು ಶಾಕ್. ಹಿಂದಿನ ಬಂಪರ್ ಮೇಲೆ ಭಾರ ಹಾಕಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು. ಮತ್ತೆ ಮತ್ತೆ ತೂಗಿದರೆ ಶಾಕ್ ಸತ್ತಿದೆ. ತೂಗದಿದ್ದರೂ ಚೆನ್ನಾಗಿದೆ ಅಂತ ಹೇಳಲಾಗದು, ತುಕ್ಕು ಹಿಡಿದ ಬುಶ್‌ಗಳೂ ತೂಗದಂತೆ ಹಿಡಿದಿರುತ್ತವೆ. ಶಾಕ್‌ನ ಮೈಮೇಲೆ ಎಣ್ಣೆ ಹರಿದ ಗುರುತು ಇದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಮೂರನೆಯದು ಮುಂದಿನ ಕಣ್ಣಿನ ಬುಶ್. ಇಂಜಿನ್ನಿನ ಎಳೆತವೆಲ್ಲ ಬಾಡಿಗೆ ತಲುಪುವುದು ಇದೊಂದರ ಮೂಲಕ. ಕಣ್ಣಿಗೂ ಬ್ರಾಕೆಟ್‌ಗೂ ನಡುವೆ ಉದ್ದನೆಯ ಟಾಮಿ (ಮೀಟುಗೋಲು) ಹಾಕಿ ಮುಂದಕ್ಕೂ ಹಿಂದಕ್ಕೂ ಮೀಟಿ. ರಬ್ಬರ್ ಸ್ವಲ್ಪ ಅಲುಗಿ ವಾಪಸ್ ಬರಬೇಕು. ಲೋಹಕ್ಕೆ ಲೋಹ ತಾಗಿದ ಶಬ್ದ ಬಂದರೆ, ಅಥವಾ ಬೋಲ್ಟ್ ಕಣ್ಣಿನ ನಡುವೆ ಇಲ್ಲದೆ ಒಂದು ಕಡೆಗೆ ಸರಿದಿದ್ದರೆ, ಬುಶ್ ಮುಗಿದಿದೆ. ಹಾಗೇ ಮಲಗಿಕೊಂಡೇ ಟನಲ್ (ಡ್ರೈವ್‌ಶಾಫ್ಟ್ ಹಾಯುವ ನೆಲದ ಉಬ್ಬು) ಮೇಲೆ, ಪಿನಿಯನ್ ಎದುರಿಗೆ ನೋಡಿ. ಅಲ್ಲಿ ಬಣ್ಣ ಕೆತ್ತಿ ಕಬ್ಬಿಣ ಕಾಣುತ್ತಿದ್ದರೆ ಪಿನಿಯನ್ ಮೂತಿ ಎದ್ದು ಬಡಿಯುವಷ್ಟು ಸ್ಪ್ರಿಂಗ್ ತಿರುಚುತ್ತಿದೆ.

ಇನ್ನೂ ಖಾತ್ರಿ ಬೇಕಾದರೆ ಸಣ್ಣ ಕ್ಯಾಮೆರಾವನ್ನು ಬಾಡಿಗೆ ಗಟ್ಟಿಯಾಗಿ ಕಟ್ಟಿ, ಸ್ಪ್ರಿಂಗ್ ಕಡೆ ತಿರುಗಿಸಿ, ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ಓಟದ ರೇಸ್ ಜಾಗದಲ್ಲಿ) ಒಂದು ಸಲ ಎಳೆಯಿರಿ. ನಿಧಾನ ಮಾಡಿ ನೋಡಿದರೆ ಪಟ್ಟಿ ಎಸ್ ಆಕಾರಕ್ಕೆ ಬಂದು ಬಿಡುವುದು ಕಣ್ಣಿಗೆ ಕಾಣುತ್ತದೆ. ಊರ ರಸ್ತೆಯಲ್ಲಿ ಈ ಪರೀಕ್ಷೆ ಬೇಡ. ಯಾರನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡಲು ಹೇಳಲೂ ಬೇಡಿ.

ಟೈರ್, ಶಾಕ್, ಬುಶ್, ಪ್ಯಾಡ್ ನಾಲ್ಕೂ ಚೆನ್ನಾಗಿದ್ದೂ ಕುಣಿದರೆ ಆಗ ಅಪ್‌ಗ್ರೇಡ್ ಮಾತು ನ್ಯಾಯ. ಮೊನೊ-ಲೀಫ್ ಇದ್ದರೆ ಮೊದಲು ಮಲ್ಟಿ-ಲೀಫ್ ಹಾಕಿ. ಅದರ ಮೇಲೆ ಟ್ರ್ಯಾಕ್ಷನ್ ಬಾರ್. ಹಳೇ ಮಾದರಿಯ ಸ್ಲ್ಯಾಪರ್ ಬಾರ್ ಸ್ಪ್ರಿಂಗ್ ಕೆಳಗೆ ಕೂರುತ್ತದೆ, ಆಕ್ಸಲ್ ತಿರುಗಿದಾಗ ಅದರ ಮುಂದಿನ ರಬ್ಬರ್ ಸ್ಪ್ರಿಂಗ್‌ಗೆ ಒತ್ತಿ ತಿರುಗುವುದನ್ನು ನಿಲ್ಲಿಸುತ್ತದೆ. ಆ ರಬ್ಬರ್ ಮುಂದಿನ ಕಣ್ಣಿನ ನೇರಕ್ಕೆ ಬರಬೇಕು. ಹಿಂದೆಯೇ ನಿಂತರೆ ಪಟ್ಟಿಯ ನಡುವಿಗೆ ಒತ್ತಿ ಅದನ್ನೇ ಬಗ್ಗಿಸುತ್ತದೆ. ಕಾಲ್‌ಟ್ರ್ಯಾಕ್ಸ್ ಅನ್ನುವ ಬಾರ್ ತರಹದ್ದು ಕಣ್ಣಿನ ಹತ್ತಿರ ಒಂದು ತಿರುಗುವ ಬ್ರಾಕೆಟ್ ಹಾಕಿ, ಪಿನಿಯನ್ ಏಳುವ ಬಲದಿಂದಲೇ ಸ್ಪ್ರಿಂಗನ್ನು ಕೆಳಕ್ಕೆ ಒತ್ತುತ್ತದೆ. ನೇರ ಎಳೆಯುವ ಗಾಡಿಗೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಶೆವ್ರೊಲೆಯದೇ ಇನ್ನೊಂದು ಕಾರು, 1964ರಿಂದ 1972ರ ಶೆವೆಲ್ ಇದ್ದವರಿಗೆ ಒಂದು ಮಾತು. ಅದು ಲೀಫ್ ಅಲ್ಲ, ಕಾಯಿಲ್ ಸ್ಪ್ರಿಂಗ್ ಮತ್ತು ನಾಲ್ಕು ಆರ್ಮ್ (ಕಡ್ಡಿ). ಅಲ್ಲಿ ಕುಣಿತ ಬಂದರೆ ಹೌಸಿಂಗ್ ಮೇಲಿನ ಬುಶ್‌ಗಳು, ಕೆಳಗೆ ತೆರೆದಂತಿರುವ ಲೋವರ್ ಆರ್ಮ್‌ಗಳು ಮೊದಲ ಅನುಮಾನ. ಶಾಕ್ ಬಿಚ್ಚಿ ಆಕ್ಸಲ್ ಇಳಿಸುವಾಗ ಕಾಯಿಲ್ ಚಿಮ್ಮಬಹುದು. ಅದನ್ನು ಸರಪಳಿ ಹಾಕಿ ಕಟ್ಟಿಕೊಂಡೇ ಇಳಿಸಿ.

ವೇಗ ಹೆಚ್ಚಾದಾಗ ನಡುಕ

ನಡುಕದ ಗತಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 26 ಇಂಚಿನ ಟೈರ್ ಗಂಟೆಗೆ 60 ಮೈಲಿಯಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. 3.73 ಗೇರ್ (ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು) ಇದ್ದರೆ ಡ್ರೈವ್‌ಶಾಫ್ಟ್ ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 48 ಸುತ್ತು. ಎಣಿಸಬಹುದೇನೋ ಅನ್ನಿಸುವಷ್ಟು ನಿಧಾನವಾಗಿ ಸೀಟು ಅಲುಗಿದರೆ ಟೈರ್ ಅಥವಾ ರಿಮ್. ಗುಂಯ್ ಅಂತ ಸಣ್ಣ ಝೇಂಕಾರ ನೆಲದಿಂದ ಬಂದರೆ ಡ್ರೈವ್‌ಶಾಫ್ಟ್.

ಆಮೇಲೆ ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ. ನಡುಕ ಹಾಗೇ ಇದ್ದರೆ ಬ್ಯಾಲೆನ್ಸ್ ತೊಂದರೆ. ಗ್ಯಾಸ್ ಕೊಟ್ಟಾಗ ಮಾತ್ರ ಬಂದು, ಬಿಟ್ಟಾಗ ಹೋದರೆ ಪಿನಿಯನ್ ಕೋನ, ಅಂದರೆ ಪಿನಿಯನ್ ಮೂತಿಯ ಓರೆ, ತಪ್ಪಿದೆ.

ಗಾಡಿ ತಗ್ಗಿಸಲು ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಬ್ಲಾಕ್ ಹಾಕಿದ ಮೇಲೆ, ಹೊಸ ಸ್ಪ್ರಿಂಗ್ ಹಾಕಿದ ಮೇಲೆ, ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಈ ನಡುಕ ಶುರುವಾಗುವುದು ಮಾಮೂಲು. ಕೋನ ಅಳೆಯುವ ಸಣ್ಣ ಮೀಟರ್ ಕೊಳ್ಳಿ, ದೊಡ್ಡ ಬೆಲೆಯಲ್ಲ. ಗಾಡಿಯ ಭಾರ ಚಕ್ರದ ಮೇಲೆಯೇ ಇರುವಾಗ ಅಳೆಯಬೇಕು. ಗಾಡಿ ಎತ್ತಿ ಆಕ್ಸಲ್ ಜೋತುಬಿಟ್ಟು ಅಳೆದ ಅಳತೆ ಕೆಲಸಕ್ಕೆ ಬರುವುದಿಲ್ಲ. ಓಡುವಾಗ ಗೇರ್‌ಬಾಕ್ಸ್‌ನ ಹಿಂದಿನ ತುದಿಯ ರೇಖೆ, ಪಿನಿಯನ್ ರೇಖೆ ಎರಡೂ ಸಮಾನಾಂತರ ಇರಬೇಕು. ಎಳೆತದಲ್ಲಿ ಪಿನಿಯನ್ ಮೇಲೇಳುವುದರಿಂದ ನಿಂತಾಗ ಅದನ್ನು ಸ್ವಲ್ಪ ಕೆಳಮುಖ ಇಡುತ್ತಾರೆ. ರಸ್ತೆಯಲ್ಲಿ ಓಡುವ ಲೀಫ್ ಸ್ಪ್ರಿಂಗ್ ಗಾಡಿಗೆ ಸಾಮಾನ್ಯವಾಗಿ 2ರಿಂದ 3 ಡಿಗ್ರಿ. ಗಟ್ಟಿ ಜಾಯಿಂಟ್ ಇರುವ ಲಿಂಕ್ ಸಸ್ಪೆನ್ಶನ್‌ಗೆ ಅಷ್ಟು ಬೇಕಿಲ್ಲ, ಸುಮಾರು 1 ಡಿಗ್ರಿ ಸಾಕು. ಸರಿಪಡಿಸಲು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಬೆಣೆಯಂತಹ ತಟ್ಟೆ) ಹಾಕುತ್ತಾರೆ. ಉಕ್ಕಿನದೇ ಕೊಳ್ಳಿ. ಅಲ್ಯುಮಿನಿಯಂ ಶಿಮ್ ಒತ್ತಡಕ್ಕೆ ಹಿಂಡಿಕೊಂಡು ಒಡೆಯುತ್ತದೆ, ಆಮೇಲೆ ಬೋಲ್ಟ್ ಸಡಿಲವಾಗುತ್ತದೆ.

ತಿರುವಿನಲ್ಲಿ ಹಿಂಭಾಗ ತನ್ನಿಷ್ಟಕ್ಕೆ ತಿರುಗುತ್ತದೆ

ನೇರ ರಸ್ತೆಯಲ್ಲೂ ಸ್ಟೀರಿಂಗ್ ಸಣ್ಣದಾಗಿ ತಿದ್ದುತ್ತಲೇ ಇರಬೇಕು, ಗುಂಡಿ ಇರುವ ತಿರುವಿನಲ್ಲಿ ಹಿಂಭಾಗ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಂತಾಗುತ್ತದೆ. ಮೊದಲು ಟೈರ್ ಗಾಳಿ. ಆಮೇಲೆ ಸ್ಟೀರಿಂಗ್ ನೇರ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ಈ ಗಾಡಿಯ ವೀಲ್‌ಬೇಸ್ 108 ಇಂಚು. ಎರಡು ಬದಿಗೆ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆಕ್ಸಲ್ ಓರೆಯಾಗಿರಬಹುದು. ಮಲ್ಟಿ-ಲೀಫ್ ಆದರೆ ಪಟ್ಟಿಗಳನ್ನು ಕೂಡಿಸುವ ಮಧ್ಯದ ಬೋಲ್ಟ್ ಕಟ್ಟಾಗಿದೆಯೇ ನೋಡಿ. ಅದರ ತಲೆಯೇ ಆಕ್ಸಲನ್ನು ಜಾಗದಲ್ಲಿ ಕೂರಿಸುವುದು. ಅದು ಕಟ್ಟಾಗಿದ್ದರೆ ಗಾಡಿಯನ್ನು ಓಡಿಸಬೇಡಿ, ಟ್ರಕ್ ಮೇಲೆ ಹಾಕಿಸಿ.

ಇನ್ನೊಂದು ಜಾಗ ಜನ ಮರೆಯುತ್ತಾರೆ. ಈ ಕ್ಯಾಮರೊದ ಹಿಂಭಾಗ ಯುನಿಬಾಡಿ (ಚೌಕಟ್ಟೂ ಬಾಡಿಯೂ ಒಂದೇ), ಮುಂಭಾಗ ಬೋಲ್ಟ್ ಹಾಕಿದ ಸಬ್‌ಫ್ರೇಮ್ (ಬೇರೆ ಚೌಕಟ್ಟು). ಎರಡರ ನಡುವೆ ರಬ್ಬರ್ ಮೌಂಟ್. ಆ ರಬ್ಬರ್ ಸತ್ತರೆ ಇಡೀ ಮುಂಭಾಗವೇ ಅಲುಗುತ್ತದೆ. ಚಾಲಕನಿಗೆ ಮಾತ್ರ ಹಿಂಭಾಗ ತೇಲಿದಂತೆ ಅನ್ನಿಸುತ್ತದೆ. ಹಿಂದಿನ ಸಾಮಾನು ಎಷ್ಟು ಬದಲಾಯಿಸಿದರೂ ಇದು ಸರಿಹೋಗುವುದಿಲ್ಲ. ಮೌಂಟ್ ಹೊಸದು ಹಾಕಿ, ಸಾಧ್ಯವಾದರೆ ಸಬ್‌ಫ್ರೇಮನ್ನೂ ಹಿಂದಿನ ರೈಲನ್ನೂ ಕೂಡಿಸುವ ಕನೆಕ್ಟರ್ ಹಾಕಿಸಿ. ನನ್ನ ಲೆಕ್ಕದಲ್ಲಿ ಈ ಗಾಡಿಗೆ ಹಾಕುವ ದುಡ್ಡಿನಲ್ಲಿ ಅತಿ ಹೆಚ್ಚು ವಾಪಸ್ ಬರುವುದು ಇದರಿಂದಲೇ.

1967ರಿಂದ 69ರ ಕ್ಯಾಮರೊಗೆ ಕಂಪನಿ ಹಿಂದಿನ ಸ್ವೇ ಬಾರ್ ಕೊಟ್ಟಿರಲಿಲ್ಲ. ಈಗ ದಪ್ಪನೆಯದು ಹಾಕಿದರೆ ಗಾಡಿ ಕಡಿಮೆ ವಾಲುತ್ತದೆ ನಿಜ. ಮುಂದಿನ ಬಾರ್ ಸಣ್ಣದಿದ್ದು ಹಿಂದಿನದು ದಪ್ಪವಾದರೆ ಮಳೆಯಲ್ಲಿ ಹಿಂಭಾಗ ಬೇಗ ಜಾರುತ್ತದೆ. ಮುಂದಿನದು ಮೊದಲು, ಹಿಂದಿನದು ಆಮೇಲೆ.

ಗುಂಡಿಯಲ್ಲಿ ಬೆನ್ನಿಗೆ ಏಟು

ಇದು ಹೆಚ್ಚಾಗಿ ತಗ್ಗಿಸಿದ ಗಾಡಿಗಳ ದೂರು. ಆಕ್ಸಲ್‌ಗೂ ರಬ್ಬರ್ ಬಂಪ್ ಸ್ಟಾಪ್‌ಗೂ (ಆಕ್ಸಲ್ ಬಾಡಿಗೆ ಬಡಿಯದಂತೆ ತಡೆಯುವ ತುಂಡು) ಎಷ್ಟು ಜಾಗ ಉಳಿದಿದೆ ಅಳೆಯಿರಿ. ಜಾಗವೇ ಇಲ್ಲದಿದ್ದರೆ ಯಾವ ಶಾಕ್ ಹಾಕಿದರೂ ಏಟು ತಪ್ಪದು. ಶಾಕ್ ರಾಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಓಡಿಸಿ ಬನ್ನಿ. ಟೈ ತುದಿಯವರೆಗೂ ತಳ್ಳಿಕೊಂಡು ಹೋಗಿದ್ದರೆ ಶಾಕ್ ಒಳಗೆ ತಳ ಮುಟ್ಟುತ್ತಿದೆ, ಗಿಡ್ಡನೆಯ ಶಾಕ್ ಬೇಕು.

ಎಲ್ಲಿ ನಿಲ್ಲಿಸಬೇಕು

ಅಮೆರಿಕದ ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಅಲ್ಲಿ ಓಡಿದ ಗಾಡಿಯಾದರೆ ಮೇಲಿನ ಯಾವ ಪರೀಕ್ಷೆಗಿಂತ ತುಕ್ಕಿನ ಪರೀಕ್ಷೆ ಮುಖ್ಯ. ಡೆಟ್ರಾಯಿಟ್ ಸುತ್ತ ವಾಹನ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರು ಹಲವರಿದ್ದಾರೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ನಡೆಯುವ ಹಳೆ ಗಾಡಿಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ನೋಡಿ ಬಂದು ಹಳೆ ಗಾಡಿ ಕೊಳ್ಳುವ ಆಸೆ ಹುಟ್ಟಿದವರು ದಯವಿಟ್ಟು ಇದನ್ನು ಮನಸ್ಸಿನಲ್ಲಿಡಿ: ಹೊಳೆಯುವ ಬಣ್ಣ ನೋಡಿ ದುಡ್ಡು ಕೊಡಬೇಡಿ, ಮೊದಲು ಕೆಳಗೆ ಮಲಗಿ ನೋಡಿ.

ಸ್ಪ್ರಿಂಗಿನ ಮುಂದಿನ ಬ್ರಾಕೆಟ್ ಬಾಡಿಗೆ ಕೂರುವ ಜಾಗ, ಶ್ಯಾಕಲ್ ಕೂರುವ ಜಾಗ, ಅವೆರಡರ ನಡುವೆ ಆಕ್ಸಲ್ ಮೇಲೆ ಕಮಾನಿನಂತೆ ಹಾಯುವ ರೈಲು. ಈ ಮೂರು ಕಡೆ ಚೂಪಾದ ಸ್ಕ್ರೂಡ್ರೈವರ್‌ನಿಂದ ಒತ್ತಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅಂತ ಸತ್ತ ಶಬ್ದ ಕೊಡುತ್ತದೆ, ಮೇಲೆ ಕಪ್ಪು ಅಂಡರ್‌ಕೋಟಿಂಗ್ ಎಷ್ಟೇ ದಪ್ಪ ಬಳಿದಿದ್ದರೂ. ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ. ಅದು ರೈಲು ಕತ್ತರಿಸಿ ಹೊಸದು ವೆಲ್ಡ್ ಮಾಡುವವರ ಕೆಲಸ. ಮೇಲೊಂದು ತಗಡು ಹೊದಿಸಿ ವೆಲ್ಡ್ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಕೊಡಬೇಡಿ.

ಹಿಂದಿನ ಭಾಗದಲ್ಲಿ ಯಾವುದೇ ವೆಲ್ಡಿಂಗ್ ಮಾಡುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು. ಅದು ಇರುವುದು ಡಿಕ್ಕಿಯ ಕೆಳಗೆ, ಆಕ್ಸಲ್‌ನ ಹಿಂದೆಯೇ. ಖಾಲಿ ಟ್ಯಾಂಕ್ ಸುರಕ್ಷಿತ ಅಂದುಕೊಳ್ಳಬೇಡಿ, ಒಳಗೆ ಉಳಿದ ಆವಿ ಸಾಕು. ಒಳಗಿನ ಕಾರ್ಪೆಟ್, ಹಿಂದಿನ ಸೀಟು ತೆಗೆಯಿರಿ, ಬ್ಯಾಟರಿ ಬಿಚ್ಚಿ. ಆಕ್ಸಲ್ ಕೊಳವೆ ಬಗ್ಗಿದ ಅನುಮಾನ, ಡಿಫರೆನ್ಶಿಯಲ್ ಒಳಗಿನ ಊಳಿಡುವ ಶಬ್ದ, ಬ್ರೇಕ್ ಪೈಪಿನ ಸೋರಿಕೆ, ಇವೂ ಗ್ಯಾರೇಜಿಗೆ ಹೋಗಬೇಕಾದವು.

ಈಗ ಕಿಟ್ ಮಾತು

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಗಾಡಿಗೆ ಏನು ಬೇಕು ಅನ್ನುವುದು ಬಹುಪಾಲು ತಾನೇ ತೀರ್ಮಾನವಾಗಿರುತ್ತದೆ. ಭಾನುವಾರ ಓಡಿಸುವ ಗಾಡಿಗೆ ಹೊಸ ಮಲ್ಟಿ-ಲೀಫ್, ಒಳ್ಳೆ ಶಾಕ್, ಹೊಸ ಬುಶ್, ಸಬ್‌ಫ್ರೇಮ್ ಕನೆಕ್ಟರ್ ಸಾಕು. ಖರ್ಚು ನೂರಾರು ಡಾಲರ್‌ನ ಲೆಕ್ಕ. ಡ್ರ್ಯಾಗ್ ಸ್ಟ್ರಿಪ್‌ಗೆ ಅದರ ಮೇಲೆ ಟ್ರ್ಯಾಕ್ಷನ್ ಬಾರ್. ಬುಶ್ ಕೊಳ್ಳುವಾಗ ಗಟ್ಟಿಯಾದದ್ದೇ ಒಳ್ಳೆಯದು ಅಂದುಕೊಳ್ಳಬೇಡಿ. ಪಾಲಿಯುರಿಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಮುಂದಿನ ಕಣ್ಣಿನಲ್ಲಿ ಎಳೆತಕ್ಕೆ ಚೆನ್ನ, ಗ್ರೀಸ್ ಒಣಗಿದರೆ ಕೀರಲು ಶಬ್ದ ಮಾಡುತ್ತದೆ. ಶೆವೆಲ್‌ನಂತಹ ನಾಲ್ಕು ಆರ್ಮ್ ಗಾಡಿಯಲ್ಲಿ ಎಲ್ಲ ಕಡೆ ಪಾಲಿ ಹಾಕಿದರೆ ಆರ್ಮ್‌ಗಳು ತಿರುಚಲು ಜಾಗವಿಲ್ಲದೆ ಕಚ್ಚಿಕೊಳ್ಳುತ್ತವೆ, ತಿರುವಿನಲ್ಲಿ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ.

ಫೋರ್-ಲಿಂಕ್, ತ್ರೀ-ಲಿಂಕ್, ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಮುಂದಕ್ಕೆ ಚಾಚಿದ ಉದ್ದ ಕಡ್ಡಿ) ಇವು ರೇಸ್ ಟ್ರ್ಯಾಕ್‌ನಲ್ಲಿ ಮತ್ತೆ ಮತ್ತೆ ತಿರುಗುವವರಿಗೆ, ಹಿಂದೆ ಅಗಲ ಟೈರ್ ಕೂರಿಸಬೇಕಾದವರಿಗೆ. ಇವುಗಳಲ್ಲಿ ಸ್ಪ್ರಿಂಗಿನ ಕೆಲಸ ಭಾರ ಹೊರುವುದು ಮಾತ್ರ, ಆಕ್ಸಲ್ ಹಿಡಿಯುವ ಕೆಲಸ ಕಡ್ಡಿಗಳದ್ದು. ಲೀಫ್ ಸ್ಪ್ರಿಂಗಿನ ಮೂಲ ಕೊರತೆಯೇ ಆ ಎರಡೂ ಕೆಲಸ ಒಂದರ ಮೇಲೆ ಬಿದ್ದದ್ದು. ಶೆವ್ರೊಲೆಯೇ 1982ರ ಕ್ಯಾಮರೊಗೆ ಟಾರ್ಕ್ ಆರ್ಮ್ ಮತ್ತು ಕಾಯಿಲ್ ಸ್ಪ್ರಿಂಗ್ ಹಾಕಿತು. ಖರ್ಚು ಸಾವಿರಾರು ಡಾಲರ್. ಕೆಲವು ಕಿಟ್‌ಗಳಿಗೆ ಗಾಡಿಯ ನೆಲ ಕತ್ತರಿಸಿ ವೆಲ್ಡ್ ಮಾಡಬೇಕು, ಒಮ್ಮೆ ಕತ್ತರಿಸಿದರೆ ಹಳೆ ಗಾಡಿಯ ಮೂಲ ರೂಪದ ಬೆಲೆ ಹೋಯಿತು. ಅಸಲಿ ಝಡ್/28 ಅಥವಾ ಎಸ್‌ಎಸ್ (ಹೆಚ್ಚು ಶಕ್ತಿಯ ಕ್ಯಾಮರೊ ಮಾದರಿಗಳು) ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬೋಲ್ಟ್‌ನಲ್ಲೇ ಕೂರುವ ಸಾಮಾನು ಮಾತ್ರ ಹಾಕಿ, ಬಿಚ್ಚಿದ ಹಳೇದನ್ನು ಜೋಪಾನ ಮಾಡಿ.

ಹಾಕಿದ ಮೇಲೆ

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಬೋಲ್ಟ್ ಹೊಸದೇ ಹಾಕಿ. ಹಳೆಯದು ಒಮ್ಮೆ ಎಳೆದಿರುತ್ತದೆ, ಎರಡನೇ ಸಲ ಅಷ್ಟೇ ಹಿಡಿತ ಕೊಡುವುದಿಲ್ಲ. ಕಣ್ಣು, ಶ್ಯಾಕಲ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ನಿಂತಾಗ, ಫ್ಯಾಕ್ಟರಿ ಕೈಪಿಡಿಯ ಅಳತೆಗೆ, ಟಾರ್ಕ್ ವ್ರೆಂಚ್‌ನಲ್ಲಿ. ಬ್ರೇಕ್ ಹೋಸ್ ಚಕ್ರ ಪೂರ್ತಿ ಇಳಿದಾಗ ಬಿಗಿಯಾಗುತ್ತದೆಯೇ, ಪೂರ್ತಿ ಏರಿದಾಗ ಟೈರಿಗೋ ಸೈಲೆನ್ಸರ್‌ಗೋ ತಾಗುತ್ತದೆಯೇ ನೋಡಿ. ಮೊದಲ ಓಟ ಮನೆ ಸುತ್ತ ನಿಧಾನವಾಗಿ, ಬ್ರೇಕ್ ಹಿಡಿದು ಹಿಡಿದು. ನೂರು ಮೈಲಿ ಆದ ಮೇಲೆ ಎಲ್ಲ ಬೋಲ್ಟ್‌ಗೂ ಮತ್ತೆ ವ್ರೆಂಚ್ ಹಾಕಿ, ಪ್ರತಿ ಬೋಲ್ಟ್ ತಲೆಯ ಮೇಲೂ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಸರಿದಿದ್ದರೆ ಆ ಬೋಲ್ಟ್ ತಿರುಗಿದೆ. ಹೊಸ ಸ್ಪ್ರಿಂಗ್ ಕೆಲವು ವಾರದಲ್ಲಿ ಸ್ವಲ್ಪ ಕೂರುತ್ತದೆ, ಹಾಗಾಗಿ ಎತ್ತರ ಮತ್ತು ಪಿನಿಯನ್ ಕೋನ ಎರಡನ್ನೂ ಆಗ ಇನ್ನೊಂದು ಸಲ ಅಳೆಯಿರಿ.